ಕೇಕಿಗೆ ಹಾಕುವ ಗ್ಲಿಸರಿನ್ ಯಾವುದು?

ಮನೆತನವನ್ನು ಕಾಯುವ ಸಂತನ ಹಬ್ಬ ನಾಳೆ. ಮಿಲುಂಕ ಅಜ್ಜಿಯ ಕೇಕಿನ ಮೇಲಿನ ಸಕ್ಕರೆ ಹೊದಿಕೆ ಮಾತ್ರ ಇವತ್ತೇ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ಕೂತಿತ್ತು.

"ಹೊಸದಾಗಿ ನಾದೋಣ ಅತ್ತೆ. ಈ ಸಲ ಎರಡು ಚಮಚ ಗ್ಲಿಸರಿನ್ ಹಾಕ್ತೀನಿ. ಪಸೆ ಹಿಡಿದಿಟ್ಕೊಳ್ಳುತ್ತೆ, ಬಿರಿಯಲ್ಲ," ಎಂದು ಸೊಸೆ ಯಸ್ನ ಅಂಗಡಿಯಿಂದ ತಂದ ಪುಟ್ಟ ಶೀಶೆ ತೆಗೆದಳು.

ಅಜ್ಜಿ ಕನ್ನಡಕ ಏರಿಸಿ ಚೀಟಿ ಓದಿದರು. "ಇ 422! ನಂಬರು ಕೊಡೋದು ಕೈದಿಗಳಿಗೆ ಕಣೇ, ತಿನ್ನೋ ಪದಾರ್ಥಕ್ಕಲ್ಲ. ಬಂದವರಿಗೆ ವಿಷ ಬಡಿಸ್ತೀಯಾ?"

ಆ ಊರಲ್ಲಿ ಪ್ಲಮ್ ಹಣ್ಣಿನಿಂದ ರಾಕಿಯಾ ಎಂಬ ಸಾರಾಯಿ ಇಳಿಸದ ಮನೆಯಿಲ್ಲ. ಚೀಟಿಯಿಲ್ಲದ ಬಾಟಲಿ ಅಂದರೆ ಮನೆಯದು, ಅಪ್ಪಟ. ಚೀಟಿ ಇದ್ದರೆ ಕಾರ್ಖಾನೆಯದು, ಅನುಮಾನ. ಅದೇ ಲೆಕ್ಕದಲ್ಲಿ ಅಜ್ಜಿ ಹಿತ್ತಲಿನ ಸಾಮಾನು ಕೋಣೆಗೆ ನಡೆದರು. ಗಂಡ ಪಂಪಿನ ರಬ್ಬರಿಗೆ ಸವರುವ ಗ್ಲಿಸರಿನ್ ಅಲ್ಲಿ ರಾಕಿಯಾದ ಹಳೇ ಬಾಟಲಿಯಲ್ಲಿತ್ತು.

"ನೋಡು, ನಂಬರೂ ಇಲ್ಲ, ಗಿಂಬರೂ ಇಲ್ಲ. ನಿಮ್ಮ ಮಾವ ಪಂಪಿಗೆ ಸವರೋ ಗ್ಲಿಸರಿನ್ನು, ಇದನ್ನ ಹಾಕು."

ಅಷ್ಟರಲ್ಲಿ ಪಕ್ಕದ ಮನೆಯ ರಾದೊಯ್ಕ ಪಾತ್ರೆ ವಾಪಸು ಕೊಡಲು ಬಂದವಳು ಆ ಮಾತು ಕೇಳಿಸಿಕೊಂಡಳು. ಪೇಟೆಯ ಔಷಧಿ ಅಂಗಡಿಯಲ್ಲಿ ಅವಳಿಗೆ ಕೆಲಸ. ಚಮಚಕ್ಕೆ ಬಗ್ಗಿದ ಬಾಟಲಿಯನ್ನು ಗಬಕ್ಕನೆ ಹಿಡಿದಳು.

"ಅಯ್ಯೋ ಮಿಲುಂಕಕ್ಕಾ, ಇದು ಯಂತ್ರದ್ದು! ಇಂಥದ್ರಲ್ಲಿ ಬೇರೆ ವಿಷ ಬೆರೆತಿರಬಹುದು. ಅದೂ ಗ್ಲಿಸರಿನ್ ಹಾಗೇ ಸಿಹಿ, ನಾಲಿಗೆಗೆ ಗೊತ್ತಾಗಲ್ಲ. ಮೂತ್ರಪಿಂಡಾನೇ ಕೆಡಿಸಿಬಿಡುತ್ತೆ. ನಾಳೆ ಮೊದಲ ತುಂಡು ಯಾರಿಗೆ?"

"ಮೊಮ್ಮಗಳಿಗೆ..." ಅಜ್ಜಿಯ ದನಿ ಇಳಿಯಿತು. ಆಮೇಲೆ ಕೇಳಿದರು, "ಮತ್ತೆ ಆ ನಂಬರು?"

"ಅದು ಪರೀಕ್ಷೆ ಪಾಸಾದ ಗುರುತು. ತಜ್ಞರು ನೋಡಿ, ಆಹಾರಕ್ಕೆ ಬಳಸಬಹುದು ಅಂತ ಒಪ್ಪಿದ ಮೇಲೇ ಕೊಡೋದು. ನೀವು ಬ್ರೆಡ್ಡಿಗೆ ಹಚ್ಚೋ ಹಂದಿಕೊಬ್ಬು ಹೊಟ್ಟೇಲಿ ಕರಗಿದಾಗ್ಲೂ ಒಂದಿಷ್ಟು ಗ್ಲಿಸರಿನ್ ಹುಟ್ಟುತ್ತೆ."

"ಹಾಗಾದ್ರೆ ಹುಟ್ಟಿದಾಗಿಂದ ತಿಂತಾ ಇದ್ದೀನಿ ಅನ್ನು!"

"ತಿಂದು ಗುಂಡುಕಲ್ಲಿನ ಹಾಗೆ ಇದ್ದೀರಲ್ಲ! ಹಾಗಂತ ಸುರೀಬೇಡಿ. ಜಾಸ್ತಿಯಾದ್ರೆ ತಲೆನೋವು, ವಾಂತಿ. ಅಂಗಡಿಯಲ್ಲಿ ಮಾರೋ, ಗ್ಲಿಸರಿನ್ ಹಾಕಿದ ಪುಡಿ ಐಸಿನ ಪಾನಕ ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಕೇಕಿಗೆ ಯಸ್ನ ಹೇಳಿದಷ್ಟೇ ಸಾಕು."

ಅಜ್ಜಿ ಪುಟ್ಟ ಶೀಶೆಯನ್ನು ಸೊಸೆಯ ಕೈಗಿಟ್ಟರು. ಆಮೇಲೆ ಕಾಗದದ ಮೇಲೆ ದಪ್ಪಕ್ಷರದಲ್ಲಿ "ತಿನ್ನಬಾರದು" ಎಂದು ಬರೆದು, ಗಂಡನ ಬಾಟಲಿಗೆ ಅಂಟಿಸಿ, ಅಂಗಳದತ್ತ ಕೂಗಿದರು: "ರೀ! ಇನ್ನೊಂದ್ಸಲ ಯಂತ್ರದ್ದನ್ನ ರಾಕಿಯಾ ಬಾಟಲಿಗೆ ತುಂಬಿದ್ರೆ ನಿಮಗೇ ಕುಡಿಸ್ತೀನಿ, ನೋಡ್ತಾ ಇರಿ!"

ಅಕ್ಕತಂಗಿಯರೇ, ಚೀಟಿಯ ಮೇಲೆ ನಂಬರು ಕಂಡರೆ ಗಾಬರಿಯಾಗಬೇಡಿ. ಆಹಾರಕ್ಕೆಂದು ಬರೆದಿರುವ, ಮುಚ್ಚಳದ ಮೊಹರು ಒಡೆಯದ ಶೀಶೆಯನ್ನೇ ಕೊಳ್ಳಿ, ಚಮಚದಲ್ಲಿ ಅಳೆದು ಹಾಕಿ. ಇವತ್ತೇ ನಿಮ್ಮ ಸಾಮಾನು ಕೋಣೆಗೂ ಒಮ್ಮೆ ಹೋಗಿ ಬನ್ನಿ. ಏನೆಂದು ಗೊತ್ತಿಲ್ಲದ ಬಾಟಲಿ ಅಲ್ಲಿದ್ದರೆ ಅದು ಅಡುಗೆಮನೆಯ ಹೊಸಿಲು ದಾಟದಿರಲಿ.