ಸೋಫಾದ ಪಕ್ಕದ ಒದ್ದೆ

ಶವಕ್ಕೆ ಹೊದಿಸಲು ದುಪ್ಪಟಿ ಬೇಕೆಂದು ಹೊರಗಿನಿಂದ ಕೂಗುತ್ತಿದ್ದರು. ಅತ್ತೆಯ ಮಂಚದಡಿಯ ಪೆಟ್ಟಿಗೆಯಿಂದ ಅದನ್ನು ಎಳೆದುಕೊಂಡ ಸೊಸೆ, ಏಳಲೆಂದು ಹಾಸಿಗೆಗೆ ಕೈಯೂರಿದಳು. ಅಂಗೈ ಒದ್ದೆಯಾಯಿತು. ಇನ್ನೂ ಬೆಚ್ಚಗಿತ್ತು.

ಅತ್ತೆ ಆಸ್ಪತ್ರೆ ಸೇರಿ ವಾರವಾಗಿತ್ತು; ಇವತ್ತು ಮರಳಿದ್ದು ಶವವಾಗಿ. ಆ ಹಾಸಿಗೆಯನ್ನು ತೊಳೆದು ಒಣಗಿಸಿಟ್ಟವಳು ತಾನೇ. ಮೂಲೆಯಲ್ಲಿ ಮುದಿ ಬೆಕ್ಕು ಏನೂ ಅರಿಯದವರ ಹಾಗೆ ಕಾಲು ನೆಕ್ಕಿಕೊಳ್ಳುತ್ತಿತ್ತು.

"ಅಯ್ಯೋ ದೇವರೇ, ನೀನಾ?"

"ಅತ್ತಿಗೆ, ಗಾಡಿ ಬಂದಾಯ್ತು!" ನಾದಿನಿ ಇಣುಕಿದಳು. ಬೆಕ್ಕು ಅವಳ ಕಾಲ ಸಂದಿಯಲ್ಲಿ ನುಸುಳಿ, ಬಚ್ಚಲಿನ ಬಕೆಟ್ಟಿಗೆ ಮೂತಿಯಿಟ್ಟಿತು. "ಬೆಳಗ್ಗಿಂದ ಬರೀ ನೀರು ಕುಡೀತಾನೇ ಇದೆ. ಹೊಟ್ಟೆಯೋ ಟ್ಯಾಂಕೋ ಇದು?"

ಸೊಸೆ ದುಪ್ಪಟಿಯನ್ನು ನಾದಿನಿಯ ಕೈಗಿತ್ತು, ಒದ್ದೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

*

ಕೆಲವು ತಿಂಗಳ ಹಿಂದೆ ಸೋಫಾದ ಪಕ್ಕ ಮೊದಲ ಸಲ ಒದ್ದೆ ಕಂಡಾಗ ಗಂಡ ಕೆಂಡವಾಗಿದ್ದ. "ಆ ಬೆಕ್ಕಿನ ಕೆಲ್ಸಾನೇ ಇದು. ಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರ್ತೀನಿ."

ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದೇ ಮಗನನ್ನು ಸಾಕಿದ ಅತ್ತೆ ಸೂಜಿ ಕೆಳಗಿಟ್ಟರು. "ಬೆಕ್ಕಲ್ಲಪ್ಪಾ, ನಾನೇ. ತಡೆಯೋಕಾಗ್ಲಿಲ್ಲ."

ಆಮೇಲೆ ಎಲ್ಲಿ ಒದ್ದೆಯಾದರೂ ಅವರೇ. ಸೊಸೆ ಮಂಚಕ್ಕೆ ಪ್ಲಾಸ್ಟಿಕ್ ಹಾಸಿದಳು. ಸಂಜೆಯ ಮೇಲೆ ಅವರಿಗೆ ನೀರು ಕೊಡುವುದನ್ನೇ ನಿಲ್ಲಿಸಿದಳು. ನೆಂಟರೆದುರೇ, "ಸೋಫಾ ಬೇಡ ಅತ್ತೆ, ಕೆಳಗೆ ಕೂತ್ಕೊಳ್ಳಿ" ಅಂದಿದ್ದಳು. ಅತ್ತೆ ಗೋಡೆಗೊರಗಿ ಕೂತು, ಮಡಿಲೇರಿದ ಬೆಕ್ಕಿನ ಬೆನ್ನು ಸವರಿದರು. ಬಾಯಿ ಬಿಡಲಿಲ್ಲ, ಮಹಾತಾಯಿ.

*

ಎಲ್ಲ ಮುಗಿಸಿ ಗಂಡ ಮರಳುವಷ್ಟರಲ್ಲಿ ಸಂಜೆಯಾಗಿತ್ತು. ಅಲ್ಲಿಯವರೆಗೂ ಸೊಸೆ ಒಳಗೂ ಹೊರಗೂ ಶತಪಥ ಹಾಕುತ್ತಿದ್ದಳು. ಹೇಳಿದರೆ ಬೆಕ್ಕು ಚೀಲ ಸೇರುತ್ತದೆ. ಹೇಳದಿದ್ದರೆ ಅತ್ತೆಯ ಕೆಟ್ಟ ಹೆಸರು ಹಾಗೇ ಉಳಿಯುತ್ತದೆ.

ಸೋಫಾದ ಪಕ್ಕ ಕಾಲಿಟ್ಟ ಗಂಡ ತಟ್ಟನೆ ನಿಂತ. "ಥತ್, ಅಮ್ಮ ಮತ್ತೆ..." ಎಂದವನು ಅರ್ಧಕ್ಕೇ ಸುಮ್ಮನಾದ.

"ಬೆಕ್ಕು ರೀ. ಮೊದಲಿಂದ್ಲೂ ಬೆಕ್ಕೇ," ಎಂದಳು ಸೊಸೆ. "ಅದನ್ನ ಉಳಿಸೋಕೆ ಅತ್ತೆ ತಮ್ಮ ಮೇಲೆ ಹಾಕ್ಕೊಂಡ್ರು. ಅದಕ್ಕೇನೋ ಕಾಯಿಲೆ ಇದೆ, ನಾಳೆ ಡಾಕ್ಟ್ರಿಗೆ ತೋರಿಸ್ತೀನಿ. ಚೀಲ ಗೀಲ ಅಂದ್ರೆ ನಾನು ಸುಮ್ನಿರಲ್ಲ."

ಅವನು ಸೋಫಾ ಬಿಟ್ಟು, ಅಮ್ಮ ಕೂರುತ್ತಿದ್ದ ಗೋಡೆಯ ಬುಡದಲ್ಲಿ ಕುಸಿದು ಕೂತ. ಸೊಸೆ ಅತ್ತೆಯ ಬಟ್ಟಲಿಗೆ ತುಂಬ ನೀರು ಹಾಕಿ ಬೆಕ್ಕಿನ ಮುಂದಿಟ್ಟಳು. ಅದು ಒಂದು ಹನಿಯೂ ಬಿಡದೆ ಕುಡಿದು, ಅವನ ಮಡಿಲೇರಿ ಮುದುಡಿಕೊಂಡಿತು.

ಸ್ವಲ್ಪ ಹೊತ್ತಿಗೆ ಅವನ ಪ್ಯಾಂಟಿನ ಮೇಲೆ ಒದ್ದೆ ಹರಡತೊಡಗಿತು. ಸೊಸೆ ಬಟ್ಟೆ ತರಲು ಎದ್ದಳು.

"ಇರ್ಲಿ ಬಿಡು," ಎಂದ ಅವನು, ಅಲುಗಾಡದೆ. "ಮಲ್ಕೊಂಡಿದೆ."