ಇನ್ನೊಂದು ಸಲ

"ಸಾವಿನ ಮನೆ ಕಾಫಿಗೆ ಸಕ್ಕರೆ ಹಾಕ್ತಾರೇನಮ್ಮ?" ವಾರ್ದಾ ತುಟಿಗಿಟ್ಟ ಬಟ್ಟಲನ್ನು ಹಾಗೇ ಕೆಳಗಿಟ್ಟಳು. "ಹೆಣ ಮುಂದಿಟ್ಕೊಂಡು ಸಿಹಿ ಕುಡಿಯೋ ಜನ ಅಲ್ಲ ನಾವು. ನಮ್ಮಲ್ಲಿ ಆವತ್ತು ಕಹಿ ಕಾಫಿ."

ನಿರ್ದೇಶಕಿ ಲಿಯೆನ್ ಹನ್ನೆರಡು ಬಟ್ಟಲುಗಳನ್ನೂ ಚೆಲ್ಲಿಸಿ ಬೇರೆ ಕಾಫಿ ಮಾಡಿಸಿದಳು. ಸಿಡ್ನಿಯ ಫೇರ್‌ಫೀಲ್ಡಿನ ಬಾಡಿಗೆ ಮನೆಯೊಂದರ ಹಜಾರದಲ್ಲಿ ಚಿತ್ರೀಕರಣ ನಡೆದಿತ್ತು. ಸಿನಿಮಾದಲ್ಲಿ ಒಂದೇ ಬಡಾವಣೆ, ಒಂದೇ ದಿನ, ಏಳು ಮನೆಗಳ ಏಳು ಕಥೆ; ಒಂದು ಕಾರು ಅಪಘಾತ ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕುತ್ತದೆ. ಸಮೋವಾದವರ ಕಥೆ, ಲೆಬನಾನಿನವರ ಕಥೆ, ಲಿಯೆನ್‌ಳ ಸ್ವಂತ ವಿಯೆಟ್ನಾಂ ಮಂದಿಯ ಕಥೆ ಮುಗಿದಿದ್ದವು. ಇವತ್ತು ಇರಾಕಿನಿಂದ ಬಂದ ಅಸಿರಿಯನ್ ಕ್ರೈಸ್ತರ ಸರದಿ. ಕಾರಿನಲ್ಲಿ ಸಾಯುವ ಹುಡುಗ ರಮ್ಸಿನ್ ಈ ಮನೆಯವನು. ಅವನ ಖಾಲಿ ಶವಪೆಟ್ಟಿಗೆಯ ಮುಂದೆ ಕೂತು, ಹಾಡಿಕೊಂಡು ಅಳಲು ಒಬ್ಬ ಮುದುಕಿ ಬೇಕಾಗಿತ್ತು. ಹಾಗೆ ಅಳಬಲ್ಲವರು ಈ ಕಡೆ ಉಳಿದಿರುವುದೇ ಇಬ್ಬರು, ಅದರಲ್ಲಿ ಒಬ್ಬಳು ವಾರ್ದಾ, ಇನ್ನೊಬ್ಬಳಿಗೆ ಹಲ್ಲಿಲ್ಲ.

ಊರವರ ಮಕ್ಕಳಿಗೆಲ್ಲ ಅತ್ತಿದ್ದ ವಾರ್ದಾ ತನ್ನ ಮಗನಿಗೆ ಮಾತ್ರ ಅತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಮೋಸುಲ್ ರಸ್ತೆಯಲ್ಲಿ ಬಂದೂಕಿನವರು ಬಸ್ಸು ನಿಲ್ಲಿಸಿ ಖೋಶಾಬಾನನ್ನು ಇಳಿಸಿಕೊಂಡು ಹೋದರು. ಹೆಣ ಸಿಗಲಿಲ್ಲ, ಸುದ್ದಿಯೂ ಬರಲಿಲ್ಲ. ಮದುವೆಯಾಗಿ ಎಂಟೇ ತಿಂಗಳಾಗಿದ್ದ ಸೊಸೆ ಮಡ್ಲೆನ್ ಅತ್ತೆಯ ಜೊತೆ ಸಿಡ್ನಿಗೆ ಬಂದಳು, ಅತ್ತೆಯ ಜೊತೆಯೇ ಉಳಿದಳು. ಈಗ ಅವಳಿಗೆ ಮೂವತ್ತೇಳು. ಟೈರ್ ಅಂಗಡಿಯ ಯೋನಾನ್, ಹೆಂಡತಿ ತೀರಿಕೊಂಡವನು, ಅವಳನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಖೋಶಾಬಾನ ಹೆಸರಲ್ಲಿ ಸಾವಿನ ಪ್ರಾರ್ಥನೆ ಆಗದೆ ಮದುವೆ ಮಾಡಿಸಲಾರೆ ಎನ್ನುತ್ತಾರೆ ಪಾದ್ರಿ. ಆ ಪ್ರಾರ್ಥನೆಗೆ ತಾಯಿ ಒಪ್ಪುತ್ತಿಲ್ಲ.

ಬೆಳಿಗ್ಗೆ ಕಾರಿನಲ್ಲಿ ಬರುವಾಗಲೂ ಅದೇ ಮಾತಾಗಿತ್ತು.

"ಅತ್ತೆ, ಯೋನಾನ್ ಈಸ್ಟರ್ ತನಕ ಕಾಯ್ತಾನಂತೆ. ಆಮೇಲೆ ಕಾಯಲ್ವಂತೆ."

"ನನ್ನ ಮಗನ್ನ ಕೊಲ್ಲೋಕೆ ದಿನ ಗೊತ್ತು ಮಾಡಿದಾನೇನು, ಆ ಟೈರಿನವನು?"

"ನಾನೂ ಒಂದು ಮಗು ಎತ್ಕೋಬೇಕು ಅತ್ತೆ."

"ಎತ್ಕೋ. ಯಾರು ಬೇಡ ಅಂದ್ರು? ಅವನು ಬಂದ್ಮೇಲೆ ಎತ್ಕೋ."

ಈಗ ಆ ಸೊಸೆಯೂ ಕಪ್ಪು ಬಟ್ಟೆ ತೊಟ್ಟು, ಅಳುವ ಹೆಂಗಸರ ಸಾಲಿನಲ್ಲಿ ಗೋಡೆಗೊರಗಿ ಕೂತಿದ್ದಳು. ವಾರ್ದಾ ಶುರುಮಾಡಿದಳು. "ರಮ್ಸಿನ್, ನನ್ನ ರಮ್ಸಿನ್, ನಿನ್ನ ಮದುವೆ ಅಂಗಿ ಮಡಿಸಿದ ಹಾಗೇ ಇದೆಯಲ್ಲೋ." ದನಿ ಗಟ್ಟಿಯಾಗಿತ್ತು, ಕಣ್ಣು ಒಣಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಮನೆಯ ಮೇಲೆ ವಿಮಾನವೊಂದು ಹಾದುಹೋಯಿತು. "ಇನ್ನೊಂದು ಸಲ ಅಜ್ಜಿ," ಎಂದಳು ಲಿಯೆನ್. ಎರಡನೇ ಸಲ ಪಕ್ಕದ ಮನೆಯ ನಾಯಿ ಬೊಗಳಿತು. ಕಥೆಯಲ್ಲಿಲ್ಲದ ನಾಯಿಗೆ ಯಾರೇನು ಮಾಡಲಾಗುತ್ತದೆ? ಮತ್ತೆ ಇನ್ನೊಂದು ಸಲ.

ಪೆಟ್ಟಿಗೆ ಖಾಲಿ ಎಂಬುದು ವಾರ್ದಾಗೆ ಮೊದಲಿನಿಂದ ಗೊತ್ತಿತ್ತು. ಮೂರನೇ ಸಲ ಆ ಖಾಲಿಯೇ ಅವಳನ್ನು ಎಳೆಯಿತು. ಅವಳು ಮುಂದಕ್ಕೆ ಬಾಗಿ ಎರಡೂ ಕೈಯನ್ನು ಹಲಗೆಯ ಮೇಲಿಟ್ಟಳು.

"ಬಸ್ಸಿಳಿದು ಎತ್ತ ಹೋದ್ಯೋ ಖೋಶಾಬಾ? ನಿನ್ನ ಕಣ್ಣು ಮುಚ್ಚಿದ್ದು ಯಾರ ಕೈಯೋ? ನಿನ್ನ ಮೇಲೆ ಮಣ್ಣು ಹಾಕಿದೋರು ಯಾರೋ, ಹಾಕಿದ್ರೋ ಇಲ್ವೋ, ನನ್ನಪ್ಪಾ?"

ಬರೆದುಕೊಟ್ಟ ಕಥೆಯಲ್ಲಿ ಬಸ್ಸೇ ಇರಲಿಲ್ಲ. ಮಡ್ಲೆನ್ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅಳುವ ನಟನೆಗೆ ಬಂದಿದ್ದ ಹೆಂಗಸರು ನಿಜವಾಗಿಯೇ ಅತ್ತರು. ಕ್ಯಾಮೆರಾ ನಿಂತ ಮೇಲೂ ಅವರ ಅಳು ನಿಲ್ಲಲಿಲ್ಲ.

ಲಿಯೆನ್ ಕಣ್ಣೊರೆಸಿಕೊಂಡು ಬಂದು ಮುದುಕಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಅಜ್ಜಿ, ಇಂಥದ್ದು ನಾನು ಕೇಳೇ ಇಲ್ಲ. ಹೆಸರು ಮಾತ್ರ ತಪ್ಪಿಹೋಯ್ತು. ರಮ್ಸಿನ್ ಅನ್ಬೇಕಿತ್ತು. ಇನ್ನೊಂದೇ ಒಂದು ಸಲ, ಆಗುತ್ತಾ?"

"ಹೆಸರು ತಪ್ಪಿಲ್ಲ," ಎಂದಳು ವಾರ್ದಾ. ತನ್ನ ಮಾತು ತನಗೇ ಕೇಳಿಸಿದಂತೆ ಕೈಯನ್ನು ಹಲಗೆಯ ಮೇಲಿಂದ ತೆಗೆದಳು. "ನಿನ್ನ ರಮ್ಸಿನ್ ಹುಟ್ಟೇ ಇಲ್ಲ ಕಣಮ್ಮ. ಅವನಿಗೆ ಎಷ್ಟು ಸಲ ಬೇಕಾದ್ರೂ ಅಳ್ತೀನಿ, ನಾಳೆ ಬರ್ತೀನಿ. ಇವನಿಗೆ ಅಳೋದು ಒಂದೇ ಸಲ. ಆಯ್ತು."

ವಾಪಸು ಬರುವಾಗ ಟೈರ್ ಅಂಗಡಿಯ ಮುಂದೆ ನಿಂತಿದ್ದ ಯೋನಾನ್ ಕೈ ಎತ್ತಿದ. ಮಡ್ಲೆನ್ ಅತ್ತ ನೋಡದೆ ಕಾರು ಓಡಿಸಿದಳು.

ಆ ಮನೆಯಲ್ಲಿ ದಿನಾ ಸಂಜೆ ಕಾಫಿ ಮಾಡುವವಳು ಮಡ್ಲೆನ್. ಅತ್ತೆಗೆ ಎರಡು ಚಮಚ ಸಕ್ಕರೆ, ತನಗೆ ಒಂದು. ಇವತ್ತು ವಾರ್ದಾ ಚಪ್ಪಲಿ ಬಿಟ್ಟವಳೇ ನೆಟ್ಟಗೆ ಅಡುಗೆಮನೆಗೆ ಹೋದಳು. ಬಟ್ಟೆಯನ್ನೂ ಬದಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಎರಡು ಬಟ್ಟಲು ತಂದು ಒಂದನ್ನು ಸೊಸೆಯ ಮುಂದಿಟ್ಟು ಎದುರು ಕುರ್ಚಿಯಲ್ಲಿ ಕೂತಳು.

ಮಡ್ಲೆನ್ ಒಂದು ಗುಟುಕು ಬಾಯಿಗೆ ತೆಗೆದುಕೊಂಡು, ಅಭ್ಯಾಸಬಲದಿಂದ ಸಕ್ಕರೆ ಡಬ್ಬಿ ಎಳೆದುಕೊಂಡು ಮುಚ್ಚಳ ತೆಗೆದಳು. ಆಮೇಲೆ ಅವಳ ಕೈ ನಿಂತಿತು. ಇಷ್ಟು ವರ್ಷ ತಾನು ಬೇಡಿದ್ದು ಇದನ್ನೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಲ್ಲಿದ್ದ ಕಹಿ ಗುಟುಕನ್ನು ನುಂಗಲಾಗಲಿಲ್ಲ.

"ಕುಡಿ," ಎಂದಳು ವಾರ್ದಾ. "ಆರಿಹೋಗುತ್ತೆ."

ಮಡ್ಲೆನ್ ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದಳು.