ಹೂಂ ಅನ್ನದೆ ಬಂದ ಹಸಿರು

ಅಂದು ಬೆಳಿಗ್ಗೆ ಕಡಲಿನ ಮಂಜು ಹಳಿ ದಾಟಿ ಯೊಸಾವಾ ನಿಲ್ದಾಣದೊಳಕ್ಕೇ ಬಂದು ಕೂತಿತ್ತು. ಸುರಂಗದ ಬಾಯಲ್ಲಿ ಕೂತು ದಾರಿಹೋಕರನ್ನು ಕಾಯುವ ಕಲ್ಲಿನ ಜಿಜೋ ದೇವರೂ ಕಾಣುತ್ತಿರಲಿಲ್ಲ.

ಸುರಂಗದೊಳಗೆ ಹಳಿ ಒಂದೇ. ಹಿತ್ತಾಳೆಯ ಬಿಲ್ಲೆ ಯಾವ ಚಾಲಕನ ಕೈಲಿದೆಯೋ ಅವನ ರೈಲಿಗಷ್ಟೇ ದಾರಿ ಎಂಬುದು ತಲೆಮಾರುಗಳ ಕಟ್ಟಳೆ. ಇವತ್ತಿನಿಂದ ಆ ಕೆಲಸ ಈ ನಿಲ್ದಾಣದ ಮತ್ತು ಆಚೆಯ ಹಮಾಸೆಯ ಕಂಪ್ಯೂಟರುಗಳದ್ದು. ಒಂದು ಕೇಳಬೇಕು, ಇನ್ನೊಂದು ಹೂಂ ಅನ್ನಬೇಕು, ಆಮೇಲೆ ಹಸಿರು ದೀಪ. ಅವಕ್ಕೆ ಮಾತು ಕಲಿಸಿದವಳು ಎಂಜಿನಿಯರ್ ಸಾವಾ.

ಮೊದಲ ರೈಲು ಹೊರಡುವ ತನಕ ಧೈರ್ಯಕ್ಕೆ ಜೊತೆಗಿರಲಿ ಎಂದು ಅವಳು ಆ ಬಿಲ್ಲೆಯನ್ನು ಸ್ಟೇಷನ್ ಮಾಸ್ಟರ್ ನಗುಮೊ ಅವರಿಂದ ಕೇಳಿ ಪಡೆದಿದ್ದಳು.

"ಎರವಲು ಕಣಮ್ಮಾ, ಮರೀಬೇಡ. ಇನ್ಮೇಲೆ ಅದಕ್ಕೆ ಕೆಲಸ ಇಲ್ಲ, ಜಿಜೋ ದೇವರ ಗೂಡಿಗೆ ಸೇರ್ಬೇಕು," ಎಂದಿದ್ದರು ಮುದುಕರು.

ರೈಲಿನ ತುಂಬ ಶಾಲೆಯ ಮಕ್ಕಳು. ಚಾಲಕ ಟೊಬೆ ಕಿಟಕಿಯಿಂದ ಇಣುಕಿದ. "ಏನ್ ಮೇಡಂ, ನಿಮ್ ಕಂಪ್ಯೂಟರ್ ಪೆಟ್ಟಿಗೆ ಇನ್ನೂ ಎದ್ದಿಲ್ವಾ? ಒಂದು ಲೋಟ ಚಹಾ ಕುಡಿಸ್ರೀ!"

ಅಷ್ಟರಲ್ಲಿ ಹಸಿರು ಬಂತು. ಟೊಬೆ ನಿಯಮದಂತೆ ಬಿಳಿ ಕೈಗವಸಿನ ಬೆರಳನ್ನು ದೀಪದತ್ತ ಚಾಚಿ ಕೂಗಿದ: "ಹಸಿರು! ಹೊರಡಬಹುದು!"

ಸಾವಾ ಪರದೆ ನೋಡಿದಳು. ಹಮಾಸೆಯ ಉತ್ತರದ ಜಾಗ ಖಾಲಿ. ಈ ಮಾರ್ಗದಲ್ಲಿ ರೈಲು ತಡವಾದರೆ ಪ್ರಯಾಣಿಕರ ಮುಂದೆ ತಲೆಬಾಗಿ ಕ್ಷಮೆ ಕೇಳಬೇಕು. ಆ ನಾಚಿಕೆಗೆ ಅಂಜಿ ಎರಡೂ ಕಂಪ್ಯೂಟರುಗಳಿಗೆ ತಾನೇ ಬರೆದಿದ್ದಳು: ಹೊತ್ತು ಮೀರಿದರೆ ಮೌನವನ್ನೇ ಸಮ್ಮತಿ ಎಂದುಕೊ. ತಂತಿ ಕಡಿದಿದ್ದರೆ ಹಮಾಸೆಗೂ ಕೇಳಿಸುವುದು ಮೌನವೇ. ಅಲ್ಲಿಂದ ಹೊರಡುವ ರೈಲಿಗೂ ಹಸಿರೇ.

ಅವಳು ಹೊರಗೆ ಓಡಿ ಬಿಲ್ಲೆಯನ್ನು ಎತ್ತಿ ಹಿಡಿದಳು. "ಟೊಬೆ ಅವರೇ, ನಿಲ್ಲಿ! ಬಿಲ್ಲೆ ನನ್ನ ಹತ್ರ ಇದೆ!"

ಬಿಲ್ಲೆ ಕಂಡ ಟೊಬೆಯ ಕೈ ಹಳೆಯ ರೂಢಿಯಂತೆ ತಾನಾಗಿಯೇ ನಿಂತಿತು. "ತಡ ಆಗುತ್ತಲ್ರೀ! ಕ್ಷಮೆ ಯಾರು ಕೇಳೋದು?"

"ನಾನ್ ಕೇಳ್ತೀನಿ. ಆ ಕಡೆ ಹೂಂ ಅಂದಿಲ್ಲ."

ನಗುಮೊ ಬಗ್ಗಿ ಹಳಿಗೆ ಅಂಗೈ ಇಟ್ಟರು. "ನಡುಗ್ತಿದೆ," ಎಂದರು.

ಸುರಂಗ ಗುಡುಗಿತು. ಮಂಜಿನಲ್ಲಿ ಒಂದು ದೀಪ ದೊಡ್ಡದಾಗುತ್ತ ಬಂದು, ನಿಲ್ದಾಣದ ಕವಲು ಹಳಿಗೆ ಹೊರಳಿ, ಮಕ್ಕಳ ಕಿಟಕಿಗಳ ಪಕ್ಕದಲ್ಲೇ ನಿಂತಿತು. ಹಮಾಸೆಯಿಂದ ಬಂದ ಆ ರೈಲಿನ ಚಾಲಕ ನಗುತ್ತ ಇಳಿದ. "ಏನಾಯ್ತು? ಎಲ್ರೂ ಹೀಗೆ ನಿಂತಿದ್ದೀರಿ? ನಂಗೆ ಹಸಿರೇ ಇತ್ತಲ್ಲ."



ಸಾವಾ ಒಳಹೋಗಿ ಕಂಪ್ಯೂಟರ್ ಪೆಟ್ಟಿಗೆಯನ್ನು ಬಂದ್ ಮಾಡಿ ಬಂದಳು. ಎರಡೂ ಕೈಯಲ್ಲಿ ಬಿಲ್ಲೆ ಹಿಡಿದು, ತಲೆಬಾಗಿ, ನಗುಮೊ ಅವರ ಕೈಗೆ ಮರಳಿಸಿದಳು.